ರೆಕ್ಕೆಯ ಬೆಚ್ಚಗಿನ ಜಾಗ

ಊಟದ ಬೆಲ್ ಹೊಡೆದು ಎಲ್ಲರೂ ಕ್ಯಾಂಟೀನಿಗೆ ಹೋದ ಮೇಲೆ ಸ್ಕ್ರೀನಿನ ಮೇಲಿನ ಗೆರೆ ಮತ್ತೆ ತಲೆ ಎತ್ತಿತು. ಮೊನ್ನೆಯೂ ಇದೇ ಹೊತ್ತು, ನಿನ್ನೆಯೂ ಇದೇ ಹೊತ್ತು. ರೆಕ್ಕೆಯ ಬುಡದ ಹತ್ತಿರ, ಅದೇ ಜಾಗ.

ವಿಮಾನದ ಆ ರೆಕ್ಕೆ ಲೋಹದ್ದಲ್ಲ. ನಾರಿನ ಬಟ್ಟೆಯನ್ನು ಪದರ ಪದರವಾಗಿ ಅಂಟಿಸಿ ಮಾಡಿದ್ದು. ಒಳಗೆ ಪದರ ಬಿಟ್ಟುಕೊಂಡರೂ ಹೊರಮೈ ನುಣ್ಣಗೇ ಇರುತ್ತದೆ. ಅದಕ್ಕೇ ನಡುವೆ ಕೂದಲಿನಷ್ಟು ಸಣ್ಣ ಗಾಜಿನ ಎಳೆ ಹಾಯಿಸಿ, ಅದರೊಳಗೆ ಬೆಳಕು ಬಿಟ್ಟಿದ್ದರು. ರೆಕ್ಕೆ ಎಲ್ಲಿ ನೊಂದರೂ ಆ ಬೆಳಕು ಬದಲಾಗಿ, ಮಹಡಿಯ ಕೋಣೆಯ ಸ್ಕ್ರೀನಿನಲ್ಲಿ ಗೆರೆ ಏಳುತ್ತದೆ. ಅದನ್ನು ಕಾಯುತ್ತ ಒಬ್ಬನೇ ಕೂರುವುದು ಎಂಜಿನಿಯರನ ಕೆಲಸ.

“ಇವತ್ತೂ ಎದ್ದರೆ ನಾಳೆ ಬೆಳಿಗ್ಗೆ ಅಲ್ಲಿ ಕೊಯ್ದೇ ನೋಡಿಬಿಡೋಣ,” ಎಂದಿದ್ದರು ಮ್ಯಾನೇಜರ್. ಕೊಯ್ದರೆ ವರ್ಷದ ದುಡಿಮೆ ಗುಜರಿ ಸೇರಿದಂತೆಯೇ. ಅವನು ಡಬ್ಬಿ ಮುಚ್ಚಿಟ್ಟು, ರೆಕ್ಕೆಯಿದ್ದ ಕೆಳಗಿನ ಶೆಡ್ಡಿಗೆ ಇಳಿದ.

ಅಂಟು ಹಾಕುವ ವಿಭಾಗದ ಅಕ್ಕ ರೆಕ್ಕೆಯ ಬುಡಕ್ಕೆ ಬೆನ್ನು ಕೊಟ್ಟು, ಊಟದ ಡಬ್ಬಿ ತೊಡೆಯ ಮೇಲಿಟ್ಟುಕೊಂಡು ಸ್ಟೂಲಿನ ಮೇಲೆ ಕೂತಿದ್ದಳು.

“ಅಕ್ಕಾ, ದಿನಾ ಇಲ್ಲೇ ಒರಗ್ತೀರಾ?”

“ಈಗೊಂದು ಮೂರು ದಿನದಿಂದ. ಯಾಕಪ್ಪಾ, ಸವೆದುಹೋಯ್ತಾ?”

“ಆ ಎಳೆಗೆ ನೋವೂ ಒಂದೇ, ಕಾವೂ ಒಂದೇ. ನಿಮ್ಮ ಬೆನ್ನಿನ ಬಿಸಿಗೆ ಮೇಲೆ ಗೆರೆ ಏಳ್ತಿದೆ. ನಾಳೆ ಕೊಯ್ಯೋಕೆ ಹೊರಟಿದ್ವಿ.”

ಅಕ್ಕ ನಗಲು ಹೋಗಿ ಅರ್ಧಕ್ಕೇ ನಿಲ್ಲಿಸಿದಳು. “ಜೊತೆಗಿದ್ದೋಳು ಕೆಲಸ ಬಿಟ್ಟು ಹೋದ್ಲಲ್ಲ. ಕ್ಯಾಂಟೀನಲ್ಲಿ ನಾಲ್ಕು ಕುರ್ಚಿಯ ಮೇಜಿಗೆ ಒಬ್ಬಳೇ ಕೂತ್ರೆ ಉಳಿದ ಮೂರೂ ನನ್ನನ್ನೇ ನೋಡ್ತಿರ್ತವೆ. ಇದು ನಾನೇ ಅಂಟಿಸಿದ್ದು. ಏನೂ ಕೇಳದೆ ಒರಗಿಸ್ಕೊಳ್ಳುತ್ತೆ.” ಒರಗಿದ್ದ ಜಾಗವನ್ನು ತೋಳಿನಿಂದ ಒರೆಸಿದಳು. “ಇನ್ನು ಬರಲ್ಲ ಬಿಡು.”

ಮ್ಯಾನೇಜರ್ ಮುಂದೆ ಅವನು ಅಕ್ಕನ ಸುದ್ದಿ ಎತ್ತಲಿಲ್ಲ. ಶೆಡ್ಡಿನ ಕಿಟಕಿಯ ಬಿಸಿಲಿನ ಕಾವಿರಬೇಕು, ಒಂದು ದಿನ ತಡೆಯಿರಿ ಎಂದ. ಕಿಟಕಿಗೆ ದಪ್ಪ ಬಟ್ಟೆ ಬಿತ್ತು. ಮರುದಿನ ಊಟದ ಹೊತ್ತಿಗೆ ಗೆರೆ ಅಲುಗಲಿಲ್ಲ.

“ನೋಡಿದ್ಯಾ, ಬಿಸಿಲೇ. ರೆಕ್ಕೆ ಉಳೀತು,” ಎಂದು ಮ್ಯಾನೇಜರ್ ಅವನ ಬೆನ್ನು ತಟ್ಟಿ ಊಟಕ್ಕೆ ಹೋದರು. ಬಾ ಅನ್ನಲಿಲ್ಲ.

ಅವನು ಡಬ್ಬಿ ಬಿಚ್ಚಿ, ನೆಟ್ಟಗಿನ ಗೆರೆಯನ್ನೇ ನೋಡುತ್ತ ಕೂತ. ಮೂರು ದಿನ ಯಾರೋ ತನ್ನ ಜೊತೆ ಊಟಕ್ಕೆ ಕೂತಿದ್ದರು ಎನ್ನುವುದು ಆಗ ಹೊಳೆಯಿತು.

ಎದ್ದು ಶೆಡ್ಡಿಗೆ ಇಳಿದ. ಸ್ಟೂಲು ಖಾಲಿಯಿತ್ತು. ತಣ್ಣಗಿದ್ದ ರೆಕ್ಕೆಯ ಆ ಜಾಗದ ಮೇಲೆ ಅಂಗೈ ಊರಿ ನಿಂತ. ಮೇಲೆ ಗೆರೆ ಎದ್ದಿರಬೇಕು. ನೋಡಲು ಅಲ್ಲಿ ಯಾರೂ ಇರಲಿಲ್ಲ.