ಅನ್ನ ಕೇಳದ ಹಳೇ ಸಾಮಾನು

ಮೀನ ಮಾಸದ ಶುಕ್ರವಾರ, ಮಧ್ಯಾಹ್ನ ಮೂರು ಗಂಟೆ. ಈಸ್ಟರಿಗೆ ಇನ್ನು ಹದಿನಾರು ದಿನ. ತ್ರಿಶೂರಿನ ಬದಿಯ ಇಗರ್ಜಿಯೊಂದರಲ್ಲಿ, ಹೈಸ್ಕೂಲಿನ ಕಂಪ್ಯೂಟರ್ ಟೀಚರ್ ರೋಸಿಲಿ ಇಗರ್ಜಿಯ ಕಂಪ್ಯೂಟರಿಗೆ ಆರ್ಗನ್ ದನಿಯ ಪ್ರೋಗ್ರಾಂ ಹಾಕಿ, ಸಂಗೀತದ ಕೀಬೋರ್ಡ್ ಸಿಕ್ಕಿಸಿ, "ಈಗ ಬಾರಿಸಿ, ಪೊರಿಂಜು ಚೇಟ್ಟಾ" ಎಂದಳು. ಅಲ್ಲಿ ನಲವತ್ತೆರಡು ವರ್ಷ ಹಾರ್ಮೋನಿಯಂ ಬಾರಿಸಿದ ಪೊರಿಂಜು ಬಲಗೈ ಚಾಚಿದ. ಹೋದ ಮಳೆಗಾಲದಲ್ಲಿ ಎಡಗೈ ಸ್ವಾಧೀನ ತಪ್ಪಿತ್ತು; ತಿದಿ ಒತ್ತಲು ಆಗುತ್ತಿರಲಿಲ್ಲ. ಗಾಳಿ ಬೇಡದ ವಾದ್ಯವೆಂದರೆ ಅವನ ಪಾಲಿಗೆ ಇದೊಂದೇ. ಬೆರಳಿಟ್ಟ. ಆರ್ಗನ್ನಿನ ದನಿ ಮಾಡಿನವರೆಗೂ ತುಂಬಿತು. ಒಂಬತ್ತು ತಿಂಗಳ ಮೇಲೆ ಪೊರಿಂಜು ನಕ್ಕ.

ಸಂಜೆಯ ಹಾಡಿಗೆ ಅಣಿ ಮಾಡಲು ಕಪ್ಯಾರ್ ಲೋನಪ್ಪನ್ ಬಂದ. ಗಂಟೆ ಹೊಡೆಯುವುದು, ಮೇಣದ ಬತ್ತಿ ಹಚ್ಚುವುದು, ಇದೇ ಕಂಪ್ಯೂಟರಿನಿಂದ ಹಾಡಿನ ಸಾಲುಗಳನ್ನು ಗೋಡೆಯ ಮೇಲೆ ತೋರಿಸುವುದು ಅವನ ಕೆಲಸ. ಈಸ್ಟರಿಗೆ ಮುಂಚಿನ ಐವತ್ತು ದಿನದ ನೋಂಬಿನಲ್ಲಿ ಮೀನಿಲ್ಲದೆ ಅವನ ನಾಲಿಗೆಗೆ ಮೊದಲೇ ಖಾರ ಏರಿತ್ತು. ಗುಂಡಿ ಒತ್ತಿದರೆ ಗೋಡೆ ಬರಿದು.

"ಯಾರು ನನ್ನ ಗೋಡೆ ನುಂಗಿದ್ದು?"

"ನುಂಗಿಲ್ಲ ಚೇಟ್ಟಾ. ಇದು ಲಿನಕ್ಸ್ ಯಂತ್ರ. ಇಲ್ಲಿ ಪ್ರೋಗ್ರಾಂಗಳು ತಮ್ಮ ತಮ್ಮದೇ ಸಾಮಾನು ಇಟ್ಕೊಳ್ಳಲ್ಲ, ಲೈಬ್ರರಿ ಅಂತ ಒಂದನ್ನ ಹಂಚ್ಕೋತವೆ. ಅಡುಗೆಮನೆ ಒರಳು ಇದ್ದ ಹಾಗೆ. ಆರ್ಗನ್ನು ಹೊಸ ಒರಳೇ ಬೇಕು ಅಂತು, ಹಾಕಿದೆ. ನಿಮ್ಮ ಹಾಡಿನ ಪ್ರೋಗ್ರಾಂಗೆ ಹಳೇದೇ ಆಗ್ಬೇಕು. ಹೊಸದು ಬಂತು, ಹಳೇದು ಹೋಯ್ತು."

"ಹಾಗಾದ್ರೆ ನಿನ್ನ ಪೊರಿಂಜು ಚೇಟ್ಟನೇ ಗೋಡೆ ಮುಂದೆ ನಿಂತು ಹಾಡು ಬರೀಲಿ. ಒಂದು ಕೈ ಹೇಗೂ ಖಾಲಿ ಇದೆ."

"ನಿನ್ನ ತಲೆ ಅದಕ್ಕಿಂತ ಖಾಲಿ ಇದೆ, ಲೋನಪ್ಪಾ" ಎಂದ ಪೊರಿಂಜು, ಕೀಬೋರ್ಡಿನಿಂದ ಕಣ್ಣೆತ್ತದೆ.

ರೋಸಿಲಿ ಹೊಸದನ್ನು ಕಿತ್ತು ಹಳೆಯದನ್ನು ಹಾಕಿದಳು. ಗೋಡೆ ತುಂಬಿತು, ಆರ್ಗನ್ ಮೂಕವಾಯಿತು. ಮಾರನೆಯ ದಿನ ಹೊಸದನ್ನು ಹಾಕಿದಳು. ಆರ್ಗನ್ ಹಾಡಿತು, ಗೋಡೆ ಬರಿದಾಯಿತು. ಒಂದು ಒಲೆಗೆ ಇಬ್ಬರು ಸೊಸೆಯರು ಬಿದ್ದ ಹಾಗೆ ವಾರವೆಲ್ಲ ಇದೇ ಆಯಿತು. ಕೊನೆಗೆ ಪಾದ್ರಿಗಳು ಬಂದು ಹೇಳಿದರು: "ನಾನೂರು ಜನ ಹಾಡಬೇಕು. ನಾಳೆ ಗರಿಗಳ ಭಾನುವಾರ, ಅಷ್ಟರೊಳಗೆ ಎರಡೂ ನಡೀಲಿಲ್ಲ ಅಂದ್ರೆ ಗೋಡೆನೇ ಇರಲಿ. ಬಾರಿಸೋಕೆ ಬೇರೆ ಊರಿಂದ ಯಾರನ್ನಾದ್ರೂ ಕರೆಸ್ತೀನಿ." ಹೋಗುತ್ತಾ ಮೂಲೆಯ ಹಾರ್ಮೋನಿಯಂ ನೋಡಿ, "ಇದಂತೂ ಇನ್ನು ಬೇಕಿಲ್ಲ. ಈಸ್ಟರ್ ಕಳೆದ ಸೋಮವಾರ ಹಳೇ ಸಾಮಾನಿನವನಿಗೆ ಬರೋಕೆ ಹೇಳಿದೀನಿ" ಎಂದರು. ಪೊರಿಂಜು ಹಾರ್ಮೋನಿಯಂ ಮೇಲಿನ ಧೂಳನ್ನು ಮುಂಡಿನ ಅಂಚಿನಿಂದ ಒರೆಸಿದ.

ಅದು ಕೊಳುಕ್ಕಟ್ಟೆಯ ಶನಿವಾರ. ಬೆಲ್ಲ, ಕಾಯಿತುರಿ ತುಂಬಿದ ಕೊಳುಕ್ಕಟ್ಟೆ ಉಂಡೆಗಳ ಡಬ್ಬಿ ಮುಂದಿಟ್ಟುಕೊಂಡು ರೋಸಿಲಿ ಕೊನೆಯ ಸಲ ಹೊಸದನ್ನು ಹಾಕಲು ಕೂತಳು. ಪಕ್ಕದ ಬೆಂಚಿನಲ್ಲಿ ಪೊರಿಂಜು. ಬಾಗಿಲಿಗೆ ಒರಗಿ ಲೋನಪ್ಪನ್. ಪೊರಿಂಜುಗೆ ಇಂಗ್ಲಿಷ್ ಓದು ಬಾರದು. ಆದರೆ ವಾರದಿಂದ ಅವಳ ಬೆರಳು ನೋಡುತ್ತಿದ್ದ.

"ಟೀಚರೇ, ಪ್ರತಿ ಸಲ ಎಲ್ಲ ಮುಗಿದ ಮೇಲೆ ಅದು ಒಂದು ಮಾತು ಕೇಳುತ್ತೆ. ನೀವು ನೋಡದೇ ಹೂಂ ಅಂತೀರಿ. ಏನು ಕೇಳೋದು ಅದು?"

"ಅದಾ? ಶಾಲೇಲಿ ದಿನಾ ಕೇಳುತ್ತೆ. ಇವೆಲ್ಲ ಇನ್ಯಾರಿಗೋಸ್ಕರವೋ ಬಂದಿದ್ವು, ಅವರು ಈಗಿಲ್ಲ, ಇವು ಇನ್ನು ಬೇಕಿಲ್ಲ, ತೆಗೀಲಾ ಅಂತ. ಕಸ ಹೋದ್ರೆ ಒಳ್ಳೇದಲ್ವಾ? ಹೂಂ ಅಂತೀನಿ."

ಪೊರಿಂಜು ಮೂಲೆಯ ಹಾರ್ಮೋನಿಯಂ ಕಡೆ ನೋಡಿದ. "ಈ ಸಲ ಬೇಡ ಅನ್ನಿ. ಇರಲಿ ಬಿಡಿ ಒಂದು ಮೂಲೇಲಿ. ಅನ್ನ ಕೇಳುತ್ತಾ ಅದು?"

ಮುದುಕನ ಮಾತಿಗೆಂದು ರೋಸಿಲಿ ನಗುತ್ತಲೇ ಬೇಡ ಎಂದು ಒತ್ತಿದಳು. ಒತ್ತಿದವಳು ಯಂತ್ರ ತೆಗೆಯಲು ಹೊರಟಿದ್ದವುಗಳ ಪಟ್ಟಿಯತ್ತ ಬಾಗಿದಳು. ಅರ್ಧ ಕಚ್ಚಿದ ಉಂಡೆ ಕೈಯಲ್ಲೇ ಉಳಿಯಿತು. ಲೋನಪ್ಪನ ಹಳೇ ಒರಳು ಆ ಪಟ್ಟಿಯ ನಡುವೆಯೇ ಇತ್ತು. ಹಾಡಿನ ಪ್ರೋಗ್ರಾಂ ಸೆಮಿನರಿಯ ಬ್ರದರ್ ಒಬ್ಬರು ಎಂದೋ ಕೈಯಾರೆ ತಂದಿಟ್ಟದ್ದು. ಯಂತ್ರವನ್ನು ಕೇಳಿ ಒಳಗೆ ಬಂದದ್ದಲ್ಲವಾದ್ದರಿಂದ ಅದಕ್ಕೆ ಆ ಪ್ರೋಗ್ರಾಂನ ಪರಿಚಯವೇ ಇರಲಿಲ್ಲ. ಅದರ ಒರಳು ಯಾರದ್ದೂ ಅಲ್ಲವೆಂದು ಬಗೆದಿತ್ತು.

"ಜಗಳವೇ ಇರಲಿಲ್ಲ ಚೇಟ್ಟಾ" ಎಂದಳು ಮೆಲ್ಲಗೆ. "ಎರಡೂ ಒರಳು ಪಕ್ಕಪಕ್ಕ ಇರ್ತಿದ್ವು. ಯಂತ್ರ ತನಗೆ ಗೊತ್ತಿಲ್ಲದ್ದನ್ನ ಬೇಕಿಲ್ಲ ಅಂತು. ಹೂಂ ಅಂದು ಹೊರಗೆ ಹಾಕ್ತಾ ಇದ್ದೋಳು ನಾನು."

ಗೋಡೆಯ ಮೇಲೆ ಹಾಡು ಮೂಡಿತು. ಪೊರಿಂಜು ಬೆರಳಿಟ್ಟ, ಆರ್ಗನ್ ಕೂಡ ಹಾಡಿತು. ಲೋನಪ್ಪನ್ ಡಬ್ಬಿಗೆ ಕೈ ಹಾಕಿ ಎರಡು ಉಂಡೆ ತಿಂದು ಮುಗಿಸಿದ.

"ಬಾರಿಸು. ಆದ್ರೆ ನನ್ನ ಸಾಲು ಬದಲಾಗೋ ಮುಂಚೆ ಓಡ್ಬೇಡ."

"ನಲವತ್ತೆರಡು ವರ್ಷ ನಿನ್ನ ತಡವಾದ ಗಂಟೆ ಕಾದಿದೀನಿ. ಸಾಲು ಕಾಯೋದು ಏನು ಮಹಾ."

ಈಸ್ಟರ್ ಬೆಳಿಗ್ಗೆ ನಾನೂರು ಜನ ಗೋಡೆ ನೋಡಿ ಹಾಡಿದರು. ಪೊರಿಂಜು ಒಂದೇ ಕೈಯಲ್ಲಿ ಅವರನ್ನೆಲ್ಲ ದಾಟಿಸಿದ.

ಮಾರನೆಯ ದಿನ ಹತ್ತು ಗಂಟೆಗೆ ಹಳೇ ಸಾಮಾನಿನವನ ಗೂಡ್ಸ್ ಆಟೋ ಬಂತು. ಬಾಗಿಲಲ್ಲಿ ಲೋನಪ್ಪನ್ ನಿಂತಿದ್ದ, ಸೊಂಟದಲ್ಲಿ ಬೀಗದ ಕೈ ಗೊಂಚಲು.

"ಹಾರ್ಮೋನಿಯಂ ಬೇಕಿಲ್ಲ ಅಂತ ಪಾದ್ರಿ ಅಚ್ಚನ್ ಹೇಳಿದ್ರು" ಎಂದ ಬಂದವನು.

"ಅಚ್ಚನ್ ಬಂದು ಎರಡು ವರ್ಷ ಆಗಿಲ್ಲ. ಅವರಿಗೆ ಅದರ ಪರಿಚಯ ಇಲ್ಲ" ಎಂದ ಲೋನಪ್ಪನ್. "ಅನ್ನ ಕೇಳುತ್ತಾ ಅದು?"

ಈಸ್ಟರ್ ಕಳೆದ ಆ ಸೋಮವಾರ ಇಗರ್ಜಿಯಿಂದ ಹೊರಟದ್ದು ಖಾಲಿ ಆಟೋ ಒಂದೇ.