ಹನ್ನೊಂದು ಗಂಟೆಯ ನಡುಕ

ನೀಲಿ ಅಂಚಿನ ಆರನೆಯ ಕಪ್ಪನ್ನು ಗುನ್ವೋರ್ ಕಪಾಟಿನಿಂದ ಇಳಿಸಿ ಹಾಸಿಗೆಯ ಮೇಲೆ ಮಲಗಿಸುತ್ತಿದ್ದಾಗ ಮೊಬೈಲು ಗುಂಯ್‌ಗುಟ್ಟಿತು. ಮೆಟ್ರೊ ಸುರಂಗದವರ ಸಂದೇಶ: ಇನ್ನು ಹತ್ತು ನಿಮಿಷಕ್ಕೆ ಬಂಡೆ ಸಿಡಿಸುತ್ತೇವೆ. ಜೂನ್ ತಿಂಗಳಿಂದ ದಿನಾ ಹೀಗೆಯೇ. ಹನ್ನೊಂದಕ್ಕೆ ಮೊದಲು ಕಪ್ಪುಗಳನ್ನು ಇಳಿಸಬೇಕು, ಗೋಡೆ ಗಡಿಯಾರವನ್ನು ಸೋಫಾದ ಮೇಲೆ ಇಡಬೇಕು, ಆಮೇಲೆ ಗಂಡ ಎವರ್ಟ್‌ನ ಗಾಲಿಕುರ್ಚಿಯನ್ನು ಅಡುಗೆಮನೆಯ ಗೋಡೆಯವರೆಗೆ ತಳ್ಳಿ, ಅವನ ಬಲ ಅಂಗೈಯನ್ನು ಗೋಡೆಗೆ ಆನಿಸಬೇಕು. ಈ ಕೊನೆಯ ಕೆಲಸವನ್ನು ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ.

"ಅಪ್ಪನ್ನ ಯಾಕಮ್ಮ ಗೋಡೆಗೆ ಅಂಟಿಸ್ತೀಯ? ಅವನೇನು ಪೋಸ್ಟರ್ರಾ?" ಎಂದು ಮಗಳು ಪೆರ್ನಿಲ್ಲಾ ನಕ್ಕಳು. ಅರ್ಧ ದಿನ ರಜೆ ಹಾಕಿ, ಸ್ಟಾಕ್‌ಹೋಮಿನ ಆ ತುದಿಯಿಂದ ಎರಡು ಬಸ್ಸು ಬದಲಿಸಿ ಬಂದಿದ್ದಳು. ಬಂದವಳೇ ಮೇಜಿನ ಮೇಲೆ ಕಾಗದಗಳನ್ನು ಹರಡಿದ್ದಳು. ಸರೋವರದ ದಡದ ಆರೈಕೆ ಮನೆಯಲ್ಲಿ ಎವರ್ಟ್‌ಗೊಂದು ಕೋಣೆ ತೆರವಾಗಿದೆ. ಶುಕ್ರವಾರದೊಳಗೆ ಗುನ್ವೋರ್ ಸಹಿ ಹಾಕಬೇಕು.

"ಹೋದ ತಿಂಗಳು ಬಚ್ಚಲಲ್ಲಿ ಇಬ್ಬರೂ ಬಿದ್ರಿ. ಪಕ್ಕದ ಮನೆಯವರು ಬಂದು ಎಬ್ಬಿಸಬೇಕಾಯ್ತು."

"ಬಿದ್ದಿದ್ದು ನಿಮ್ಮಪ್ಪ. ನಾನು ಜೊತೆಗೆ ಕೂತ್ಕೊಂಡೆ, ಅಷ್ಟೆ."

"ತಮಾಷೆ ಬೇಡಮ್ಮ. ನಿನ್ನ ಬೆನ್ನು ನೋಡಿದ್ರೆ ನನಗೆ ಭಯ ಆಗುತ್ತೆ."

ಮಗಳು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಎವರ್ಟ್ ಐವತ್ತು ವರ್ಷದ ಹಿಂದೆ ಇದೇ ಊರಿನ ಮೆಟ್ರೊಗಾಗಿ ಬಂಡೆ ಸಿಡಿಸುತ್ತಿದ್ದವನು. ಊರು ಬೆಳೆಯುತ್ತಲೇ ಹೋಯಿತು. ಈಗ ಕಿಟಕಿಯಲ್ಲಿ ಮರಗಳಿಗಿಂತ ಕ್ರೇನುಗಳೇ ಹೆಚ್ಚು ಕಾಣುತ್ತವೆ, ಮೆಟ್ರೊ ಅವರ ಬಡಾವಣೆಯ ಅಡಿಗೂ ಬಂದಿದೆ. ಸಿಡಿಮದ್ದು ಆಗಲೇ ಅವನ ಎರಡೂ ಕಿವಿಗಳನ್ನು ತಿಂದಿತ್ತು. ಎರಡು ವರ್ಷಗಳಿಂದ ಮರೆವು ಉಳಿದದ್ದನ್ನು ಒಯ್ಯುತ್ತಿದೆ. ಊಟ ಮಾಡಿಸಿದರೆ "ಥ್ಯಾಂಕ್ಸ್, ಸಿಸ್ಟರ್" ಎನ್ನುತ್ತಾನೆ. ಆದರೆ ಜೂನ್‌ನ ಆ ಮೊದಲ ದಿನ, ಮನೆಯ ಅಡಿಯಲ್ಲಿ ಬಂಡೆ ಸಿಡಿದಾಗ, ಅವನ ಕೈ ಆಕಸ್ಮಿಕವಾಗಿ ಗೋಡೆಯ ಮೇಲಿತ್ತು. ನಡುಕ ಅಂಗೈಯಿಂದ ಒಳಗೆ ಹೋದದ್ದು ಅವಳ ಕಣ್ಣಿಗೇ ಕಂಡಂತಾಯಿತು. ಅವನು ಕತ್ತು ತಿರುಗಿಸಿ, "ಚೆನ್ನಾಗಿ ಒಡೀತು. ಕಾಫಿ ಇದೆಯೇನೆ, ಗುನ್ವೋರ್?" ಎಂದ. ಅವಳು ಕೆಲಸಗಾರರ ಕ್ಯಾಂಟೀನಿನಲ್ಲಿ ಕಾಫಿ ಹೊಯ್ಯುತ್ತಿದ್ದ ಕಾಲದಲ್ಲಿ, ಹೆಲ್ಮೆಟ್ಟನ್ನು ಕಂಕುಳಲ್ಲಿಟ್ಟುಕೊಂಡು ಕೇಳುತ್ತಿದ್ದನಲ್ಲ, ಹಾಗೆಯೇ.

ಅಂದಿನಿಂದ ದಿನಾ ಆ ಗುರುತು ಹತ್ತು ನಿಮಿಷ, ಕೆಲವು ದಿನ ಕಾಲು ಗಂಟೆ. ಆಮೇಲೆ ಮತ್ತೆ ಸಿಸ್ಟರ್. ಅವಳು ಯಾರಿಗೂ ಹೇಳಲಿಲ್ಲ. ಹೇಳಿದರೆ ಡಾಕ್ಟರು ತಲೆಯಾಡಿಸುತ್ತಾರೆ, ಮಗಳು ಅಯ್ಯೋ ಎಂದು ತಬ್ಬಿಕೊಳ್ಳುತ್ತಾಳೆ. ಎರಡೂ ಅವಳಿಗೆ ಬೇಕಿರಲಿಲ್ಲ. ದಿನಾ ಹತ್ತೂವರೆಗೆ ಕನ್ನಡಿಯ ಮುಂದೆ ನಿಂತು ತಲೆ ಬಾಚಿಕೊಳ್ಳುತ್ತಿದ್ದಳು, ಅಷ್ಟೆ. ಆದರೆ ಈ ವಾರ ಆ ಹೊತ್ತು ಕರಗುತ್ತಿತ್ತು. ಮೊನ್ನೆ ಮೂರೇ ನಿಮಿಷ. ನಿನ್ನೆ ಬರೀ ಅವಳತ್ತ ನೋಡಿ ಹುಬ್ಬೇರಿಸಿದ್ದ.

ಹನ್ನೊಂದಾಯಿತು. ಡ್ರಾಯರಿನ ಚಮಚಗಳು ಒಮ್ಮೆ ಕಿಣಿಕ್ ಎಂದವು. ಗುನ್ವೋರ್ ಎವರ್ಟ್‌ನ ಮುಖದ ಮೇಲೆ ಬಾಗಿದಳು. ಅವನು ಗೋಡೆಯ ಮೇಲಿದ್ದ ತನ್ನ ಕೈಯನ್ನು ನೋಡಿದ, ಯಾರದೋ ವಸ್ತುವನ್ನು ಎತ್ತಿಡುವಂತೆ ತೊಡೆಯ ಮೇಲಿಟ್ಟುಕೊಂಡ.

"ಥ್ಯಾಂಕ್ಸ್, ಸಿಸ್ಟರ್."

"ಇಷ್ಟೇನಾ? ಇಷ್ಟಕ್ಕೆ ಕಪ್ಪೆಲ್ಲ ಮಲಗಿಸ್ತೀಯಾ?" ಪೆರ್ನಿಲ್ಲಾ ತಾಯಿಯ ಮೊಬೈಲನ್ನು ಎತ್ತಿಕೊಂಡು ಸಂದೇಶವನ್ನು ಪೂರ್ತಿ ಓದಿದಳು. "ನೋಡಿಲ್ಲಿ, ಸುರಂಗ ನಿಮ್ಮನೆ ದಾಟಿಬಿಟ್ಟಿದೆ. ಈಗ ಚರ್ಚಿನ ಗುಡ್ಡದ ಕೆಳಗೆ ಒಡೀತಿದ್ದಾರೆ. ಬಚಾವಾದೆ, ಅಮ್ಮ!"

"ಹೌದಾ," ಎಂದಳು ಗುನ್ವೋರ್.

"ರೈಲು ಬರ್ಲಿ, ದಿನಾ ಸಂಜೆ ಬರ್ತೀನಿ. ನಮ್ಮನೆಯಿಂದ ಅರ್ಧ ಗಂಟೆ ಸಾಕು."

"ಯಾವಾಗ ಬರುತ್ತೆ?"

"ಐದಾರು ವರ್ಷ."

"ಹಾಗಾದ್ರೆ ಅಲ್ಲೀವರೆಗೆ ಹಸಿದಿರಬೇಡ, ಏಲಕ್ಕಿ ಬನ್ ಇದೆ, ತಿನ್ನು."

ಇಬ್ಬರೂ ನಕ್ಕರು. ಹೊರಡುವಾಗ ಪೆರ್ನಿಲ್ಲಾ ತಂದೆಯ ಹಣೆಗೆ ಮುತ್ತಿಟ್ಟಳು, ಬಾಗಿಲಲ್ಲಿ ತಾಯಿಯ ಒರಟು ಕೈಗಳನ್ನು ಎರಡೂ ಕೈಯಲ್ಲಿ ಹಿಡಿದು ನಿಂತಳು. "ಸಹಿ ಹಾಕ್ತೀಯ ತಾನೆ?"

"ಶುಕ್ರವಾರದವರೆಗೂ ಟೈಮಿದೆಯಲ್ಲೇ. ಬಸ್ಸು ತಪ್ಪುತ್ತೆ, ಹೋಗು."

ಗುನ್ವೋರ್ ಗಡಿಯಾರವನ್ನು ಗೋಡೆಗೆ ತೂಗುಹಾಕಿದಳು. ಕಪ್ಪುಗಳನ್ನು ಒಂದೊಂದಾಗಿ ಕಪಾಟಿಗೆ ಏರಿಸಿದಳು. ನಾಲ್ಕನೆಯದನ್ನು ಇಟ್ಟವಳ ಕೈ ಅಲ್ಲೇ ನಿಂತಿತು. ಚರ್ಚಿನ ಗುಡ್ಡಕ್ಕೆ ಬಸ್ಸಿನಲ್ಲಿ ಎರಡೇ ಸ್ಟಾಪು. ಗಾಲಿಕುರ್ಚಿಯೂ ಬಸ್ಸಿಗೆ ಸಲೀಸಾಗಿ ಹತ್ತುತ್ತದೆ. ಚರ್ಚಿನ ಹಿಂದೆ ಹುಲ್ಲೂ ಬೆಳೆಯದ ಬೋಳು ಬಂಡೆಯೊಂದು ದಾರಿಯವರೆಗೂ ಚಾಚಿಕೊಂಡಿದೆ. ಸೆಪ್ಟೆಂಬರಿನಲ್ಲೂ ಮಧ್ಯಾಹ್ನದವರೆಗೆ ಅಲ್ಲಿ ಬಿಸಿಲಿರುತ್ತದೆ. ಎವರ್ಟ್‌ನ ಬೂಟು ಕಳಚಿ, ಕಾಲುಚೀಲ ಬಿಚ್ಚಿ, ಅಂಗಾಲನ್ನು ಬಂಡೆಯ ಮೇಲೆ ಊರಿಸಿದರೆ? ಗೋಡೆಗೆ ಬರದದ್ದು ನಾಳೆ ಹನ್ನೊಂದಕ್ಕೆ ಅಲ್ಲಿ ಬಂದೀತೋ ಏನೋ.

ಹಾಸಿಗೆಯ ಮೇಲೆ ಎರಡು ಕಪ್ಪು ಉಳಿದಿದ್ದವು. ಅವನ್ನು ಸುತ್ತಲು ಏನಾದರೂ ಸಿಕ್ಕೀತೇ ಎಂದು ಮೇಜಿನತ್ತ ನೋಡಿದಳು. ಆರೈಕೆ ಮನೆಯ ಕಾಗದಗಳು ಒಳ್ಳೆಯ ದಪ್ಪ ಕಾಗದಗಳೇ. ಸರೋವರದ ಚಿತ್ರವಿದ್ದ ಹಾಳೆಯಲ್ಲಿ ಒಂದನ್ನು ಸುತ್ತಿದಳು, ಸಹಿಗೆ ಜಾಗ ಬಿಟ್ಟಿದ್ದ ಹಾಳೆಯಲ್ಲಿ ಇನ್ನೊಂದನ್ನು. ಕಾಫಿಯ ಫ್ಲಾಸ್ಕನ್ನು ಚೀಲಕ್ಕೆ ಹಾಕಿ, ಅದರ ಪಕ್ಕ ಎರಡನ್ನೂ ಇಳಿಸಿದಳು. ಬಾಗಿಲ ಬಳಿ ಚೀಲವನ್ನಿಟ್ಟು ಎರಡು ಹೆಜ್ಜೆ ಬಂದವಳು ಮತ್ತೆ ಹಿಂದಿರುಗಿ, ಬಾಚಣಿಗೆಯನ್ನೂ ಅದರೊಳಗೆ ಹಾಕಿದಳು.