ಯಾರದನ್ನು ಉಳಿಸಬೇಕು?

ವಧೂವರರ ಕೇಂದ್ರದ ಮೈಸೂರು ಶಾಖೆಯಲ್ಲಿ ಕುಮುದಾ ಬೆಳಿಗ್ಗೆಯಿಂದ ಒಬ್ಬ ವರನ ವಿವರದ ಜೊತೆ ಗುದ್ದಾಡುತ್ತಿದ್ದಳು. ‘ಎಂಥ ಹುಡುಗಿ ಬೇಕು’ ಎಂಬಲ್ಲಿ ಅವಳು ‘ಶಾಂತ ಸ್ವಭಾವದವಳು’ ಎಂದು ಬರೆದರೆ, ಹುಬ್ಬಳ್ಳಿ ಶಾಖೆಯವನು ಅದನ್ನು ಅಳಿಸಿ ‘ಜಗಳಗಂಟಿಯೇ ಬೇಕು’ ಎಂದು ಬರೆಯುತ್ತಿದ್ದ. ಕೊನೆಗೆ ಕಂಪ್ಯೂಟರೇ ಕೈಚೆಲ್ಲಿ ಕೇಳಿತು: ‘ಇದೇ ವಿವರವನ್ನು ಇನ್ನೊಬ್ಬರೂ ತಿದ್ದಿದ್ದಾರೆ. ನಿಮ್ಮದನ್ನು ಉಳಿಸಬೇಕೆ, ಅವರದನ್ನೆ?’

ಕುಮುದಾ ಆಫೀಸಿನ ಫೋನ್ ಎತ್ತಿದಳು. ದಿನಾ ಅವನೊಡನೆ ಜಗಳ ಇದ್ದದ್ದೇ, ಆದರೆ ಮುಖ ಕಂಡವಳಲ್ಲ. ಶಾಖೆಗಳ ನಡುವೆ ಹೆಸರು ಹಿಡಿದು ಕರೆಯುವ ರೂಢಿಯೂ ಇರಲಿಲ್ಲ, ಊರಿನ ಹೆಸರೇ ಸಾಕಿತ್ತು.

“ಏನ್ರೀ ಹುಬ್ಬಳ್ಳಿ, ತಲೆ ನೆಟ್ಟಗಿದೆಯಾ? ಹುಡುಗ ಮೈಸೂರು ಹುಡುಗಿನೇ ಬೇಕು ಅಂತ ಹಟ ಹಿಡಿದಿದಾನಂತೆ. ಶಾಂತವಾಗಿರೋಳಾದ್ರೆ ಸಾಕು ಅಂತ ಅವರ ತಾಯಿನೇ ನನಗೆ ಹೇಳಿದಾರೆ.”

“ಬಾಳ್ವೆ ಮಾಡಾಂವ ಮಗಾ ರೀ ಮೈಸೂರು, ಅವ್ವ ಅಲ್ಲ.”

“ಜಗಳಗಂಟಿ ಬೇಕು ಅನ್ನೋ ಗಂಡು ಭೂಮಿ ಮೇಲೆ ಇದಾನಾ?”

“ಅದಾನ್ರಿ. ದಿನಾ ಒಂದ್ ಸಲ ಬೈಸ್ಕೊಳ್ಳಲಿಲ್ಲಂದ್ರ ಉಂಡದ್ದು ಕರಗೂದಿಲ್ಲಂತ ಅಂವಗ.”

“ಬರೀ ಸುಳ್ಳು! ಫೋನ್ ಇಡಬೇಡಿ. ನಿಮ್ಮೆದುರಿಗೇ ಹುಡುಗನ್ನ ಕೇಳ್ತೀನಿ.”

“ಕೇಳ್ರಿ, ಕೇಳ್ರಿ.” ಅವನ ದನಿಯಲ್ಲಿ ನಗು ತುಳುಕುತ್ತಿತ್ತು.

ಆಫೀಸಿನ ಫೋನನ್ನು ಎಡಗಿವಿಗೆ ಒತ್ತಿಕೊಂಡೇ ಅವಳು ಪರದೆಯ ಮೇಲಿದ್ದ ವರನ ನಂಬರಿಗೆ ತನ್ನ ಮೊಬೈಲಿನಿಂದ ಫೋನ್ ಮಾಡಿದಳು.

ಎಡಗಿವಿಯೊಳಗೆ, ಹುಬ್ಬಳ್ಳಿಯವನ ಮೇಜಿನ ಮೇಲೆ, ಒಂದು ಮೊಬೈಲು ರಿಂಗಾಗತೊಡಗಿತು.